ಬೇಳೆ ಬೀಳದ ಪಾಯಸ

ಹೇಮಾವತಿ ದಂಡೆಯ ಆಶ್ರಮದಲ್ಲಿ ಒಂದು ಪುಟ್ಟ ಆಸ್ಪತ್ರೆ. ಡಾಕ್ಟರ್ ವಿಶಾಲಾಕ್ಷಮ್ಮ ಅಲ್ಲಿ ಗುರು, ನರ್ಸ್ ಸುಗುಣ ಶಿಷ್ಯೆ. ಗರ್ಭಕಂಠದ ಕ್ಯಾನ್ಸರ್ ಮೊದಲೇ ಪತ್ತೆಯಾಗಲೆಂದು ಹೆಂಗಸರಿಂದ ಮಾದರಿ ತೆಗೆಯುವುದನ್ನು ಸುಗುಣ ಆಗಷ್ಟೇ ಕಲಿತಿದ್ದಳು.

ಅವತ್ತು ಕೆಂಚಮ್ಮ ಎಂಬಾಕೆಯ ಮಾದರಿ ಸವರಿದ ಗಾಜಿನ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವಳೇ ಕುಣಿದುಬಿಟ್ಟಳು.

“ಅಮ್ಮಾ, ಕೆಂಚಮ್ಮನ ಸ್ಲೈಡಿನಲ್ಲಿ ಕೆಟ್ಟ ಜೀವಕೋಶ ಒಂದೂ ಇಲ್ಲ!”

ಗುರು ಬಗ್ಗಿ ನೋಡಿದರು. “ಒಳ್ಳೆಯವು ಎಷ್ಟಿವೆ?”

ಸುಗುಣ ಮತ್ತೆ ನೋಡಿದಳು. “ಅವೂ... ಇಲ್ಲ.”

“ಕೆಂಚಮ್ಮನಿಗೆ ಏನು ಹೇಳುತ್ತೀಯ?”

“ಏನೂ ಇಲ್ಲ ಅಂತ. ಇಲ್ಲಿ ಊಟ ಮುಗಿಸಿ ಮಗಳ ಬಾಣಂತನಕ್ಕೆ ಹೊರಡುತ್ತಾರೆ, ಪಾಪ. ಇನ್ನು ಈ ಕಡೆ ಬರೋದು ಯಾವಾಗಲೋ! ಖುಷಿಯಾಗಿ ಹೋಗಲಿ.”

“ಮಾದರಿ ಹೇಗೆ ತೆಗೆದೆ?”

“ನೋಯಬಾರದು ಅಂತ ಬ್ರಷ್ಷನ್ನು ಹಾಗೇ ಮುಟ್ಟಿಸಿ ತೆಗೆದೆ. ಅವರಿಗೆ ಗೊತ್ತೇ ಆಗಲಿಲ್ಲ!” ಸುಗುಣಳಿಗೆ ಹೆಮ್ಮೆಯೋ ಹೆಮ್ಮೆ.

ಗುರು ಅವಳನ್ನು ಆಶ್ರಮದ ಊಟದ ಮನೆಗೆ ಕರೆದೊಯ್ದು ಪಾಯಸದ ಬಕೆಟ್ಟು ಕೈಗೆ ಕೊಟ್ಟರು. “ಪಂಕ್ತಿ ಕೂತಿದೆ, ಬಡಿಸು. ಸೌಟು ಹಾಗೇ ಮೇಲೆ ಮುಟ್ಟಿಸಿದರೆ ಸಾಕು. ಬಕೆಟ್ಟಿಗೆ ನೋಯಬಾರದು.”

ಸುಗುಣ ಹೇಳಿದಂತೆಯೇ ಮಾಡಿದಳು. ಕೆಂಚಮ್ಮನ ಎಲೆಗೆ ಬರೀ ತಿಳಿ ಬಿತ್ತು.

“ಇದೇನವ್ವ, ಕಡ್ಲೆಬೇಳೆ ಪಾಯಸ ಅಂದ್ರು! ಒಂದು ಬೇಳೆನೂ ಇಲ್ವಲ್ಲ!”

“ಇದೆ. ಬೇಳೆ... ತಳದಲ್ಲಿದೆ.”

“ಅಯ್ಯೋ, ಹಂಗಾದ್ರೆ ತಳ ಕಲಕಿ ಹಾಕು ತಾಯಿ!”

ಸುಗುಣಳ ಕೈ ಅಲ್ಲೇ ನಿಂತಿತು. ಒಳಗೆ ರೋಗವಿದ್ದೂ ಈಕೆ ನಗುನಗುತ್ತಾ ಬಸ್ಸು ಹತ್ತಿಬಿಟ್ಟಿದ್ದರೆ? ಬಕೆಟ್ಟು ಕೆಳಗಿಟ್ಟು ಕೆಂಚಮ್ಮನ ಕಿವಿಯ ಹತ್ತಿರ ಬಗ್ಗಿದಳು.

“ನಿಮ್ಮ ಮಾದರಿನೂ ನಾನು ಹೀಗೇ ತೆಗೆದುಬಿಟ್ಟಿದ್ದೀನಿ. ತಪ್ಪು ನನ್ನದು. ಇನ್ನೊಂದು ಸಲ ತೆಗೀಲಾ? ಸ್ವಲ್ಪ ಒತ್ತುತ್ತೆ.”

ಕೆಂಚಮ್ಮ ಗೊಳ್ಳನೆ ನಕ್ಕರು. “ಅಷ್ಟೇನಾ? ನಾಕು ಹೆತ್ತೋಳು ಕಣವ್ವ ನಾನು! ಬಸ್ಸು ನಾಳೆನೂ ಬತ್ತದೆ. ಮೊದ್ಲು ಬೇಳೆ ಹಾಕು.”

ಊಟವಾದ ಮೇಲೆ ಸುಗುಣ ಬ್ರಷ್ಷನ್ನು ಹದವಾಗಿ ಒತ್ತಿ, ಸುತ್ತ ತಿರುಗಿಸಿ ಮಾದರಿ ತೆಗೆದಳು. ಕೆಂಚಮ್ಮ “ಉಸ್ಸ್” ಅಂದರು, ಅಷ್ಟೇ.

ಮರುದಿನ ಬಸ್ಸಿಗೆ ಮುಂಚೆಯೇ ಸ್ಲೈಡು ಸಿದ್ಧವಾಯಿತು. ಎತ್ತ ನೋಡಿದರೂ ಜೀವಕೋಶಗಳು, ಎಲ್ಲವೂ ಚೆನ್ನಾಗಿರುವಂಥವೇ. ಗುರುವೂ ನೋಡಿ ತಲೆಯಾಡಿಸಿದರು.

ಬಾಗಿಲವರೆಗೆ ಓಡಿದ ಸುಗುಣ ತಟ್ಟನೆ ತಿರುಗಿದಳು.

“ಅಮ್ಮಾ, ಈಗ ಏನೂ ಇಲ್ಲ ಅಂತ ಹೇಳಲಾ?”

“ಓಡು, ಹೇಳು. ಇವತ್ತು ನಿನ್ನ ‘ಇಲ್ಲ’ದಲ್ಲಿ ಬೇಳೆ ಇದೆ.”