ಮೋಟನ ಮೂರು ಕೈ

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಶಾಲೆಯ ವಿಜ್ಞಾನದ ಮಾಸ್ತರು ಚನ್ನವೀರಯ್ಯನವರು.

ಮಕ್ಕಳು ಕಟ್ಟಿದ ರೋಬೋಟ್‌ಗಳ ಚೆಂಡೆತ್ತುವ ಪಂದ್ಯಕ್ಕೆ ಮೋಟನೆಂಬ ಪುಟ್ಟ ರೋಬೋಟ್ ಬಂದಿದ್ದ. ಸೋತರೆ ತನ್ನನ್ನು ಕಟ್ಟಿದ ಮಕ್ಕಳೇ ತನ್ನನ್ನು ಬಿಚ್ಚಿ ಬಿಡಿಭಾಗ ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಚೆಂಡೆತ್ತುವ ಇಕ್ಕಳದ ಕೈ ಅವನದು. ಕಣಕ್ಕಿಳಿಯುವ ಮುನ್ನ ಎಲ್ಲರನ್ನೂ ತೂಗುವ ತಕ್ಕಡಿ ಅವನನ್ನೂ ತೂಗಿ ಒಪ್ಪಿತು.

"ಹೋಗಪ್ಪ, ಆಡು. ಕೈ ಬದಲಿಸಿದೆಯೋ, ಮತ್ತೆ ಸಾಲಿನಲ್ಲಿ ನಿಂತು ತೂಗಿಸಿಕೊಂಡೇ ಕಣಕ್ಕಿಳಿಯಬೇಕು," ಎಂದಿತು ತಕ್ಕಡಿ.

ಹೊರಗೆ ಎದುರಾಳಿಯ ಉದ್ದ ಸಲಿಕೆ ಕಂಡು ಮೋಟನಿಗೆ ತನ್ನ ಇಕ್ಕಳ ಸಾಲದೆನಿಸಿತು. ಮಕ್ಕಳಿಗೆ ದುಂಬಾಲು ಬಿದ್ದು, ಇಕ್ಕಳ ಬಿಚ್ಚಿಸಿ ಸಲಿಕೆ ಹಾಕಿಸಿಕೊಂಡು ಬಂದು ತೂಗಿಸಿದ. ಆಮೇಲೆ ಇನ್ನೊಬ್ಬನ ಕೊಕ್ಕೆ ಕಂಡ. ಕೊಕ್ಕೆ ಹಾಕಿಸಿಕೊಂಡು ಮತ್ತೆ ಸಾಲಿಗೆ ಬಂದ.

"ಏನು ಮದುಮಗನೇ, ಇನ್ನೂ ಸಿಂಗಾರ ಮುಗಿಯಲಿಲ್ಲವೇ?" ಎಂದಿತು ತಕ್ಕಡಿ.

"ನನ್ನ ಹೆಸರು ಕೂಗುತ್ತಿದ್ದಾರೆ ಸ್ವಾಮಿ, ಇದೊಂದು ಸಲ ಬಿಟ್ಟುಬಿಡಿ. ಬೇಕಾದರೆ ಇಕ್ಕಳವನ್ನೇ ಹಾಕಿಕೊಳ್ಳುತ್ತೇನೆ."

"ಹಾಕಿಕೋ. ಅದನ್ನೂ ತೂಗಬೇಕು. ನಿನ್ನ ಮುಂದೆ ಇನ್ನೂ ಜನ ಇದ್ದಾರೆ."

ಗಂಟೆ ಹೊಡೆಯಿತು. ಮೋಟ ಸಾಲಿನಿಂದಲೇ ಕಣವನ್ನು ನೋಡಿದ. ಎದುರಾಳಿಯ ಸಲಿಕೆಗೆ ಒಂದು ಚೆಂಡೂ ಏಳಲಿಲ್ಲ. ಎದುರಿಗೆ ಯಾರೂ ಇಲ್ಲದ್ದರಿಂದ ಅವನೇ ಗೆದ್ದ. ಮಕ್ಕಳು ಬಂದು ಮೋಟನ ತಿರುಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

ಕೇಳಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ಪುಣ್ಯ ಬರುತ್ತದೆ ಎಂದಲ್ಲ, ಅವರಿಗಾದರೂ ತಡವಾಗಬಾರದೆಂದು.