ಬಾಗಿಲಿಗೆ ಅಡ್ಡ ಕೂತ ಆಮೆ

ಜ್ವರದಿಂದ ನರಳುತ್ತಿದ್ದ ಮರಿಗೆ ಔಷಧಿ ತರಲೆಂದು ತಾಯಿ ಆಮೆ ಕರಡಿ ವೈದ್ಯರ ಗುಹೆಗೆ ಬಂದಿತು. ಬಾಗಿಲಲ್ಲಿದ್ದ ಮುಳ್ಳುಹಂದಿ ತಲೆಯನ್ನೂ ಎತ್ತದೆ, “ನಾಳೆ ಬಾ” ಎಂದಿತು.

“ನಿನ್ನೆಯೂ ಹಾಗೇ ಅಂದಿರಿ. ಮರಿ ಈಗ ನೀರನ್ನೂ ಕುಡಿಯುತ್ತಿಲ್ಲ” ಎಂದಿತು ಆಮೆ.

“ನಿನ್ನ ಗೋಳು ಕೇಳಲು ನಾನಿಲ್ಲಿ ಕೂತಿಲ್ಲ” ಎನ್ನುತ್ತ ಮುಳ್ಳುಹಂದಿ ಮೈಮೇಲಿನ ಮುಳ್ಳನ್ನೆಲ್ಲ ನಿಮಿರಿಸಿತು. ಆಮೆಗೆ ಭಯವಾಯಿತು. ಆದರೂ ಅದು ಹಿಂದಿರುಗಲಿಲ್ಲ. ತಲೆ, ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಂಡು ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟಿತು.

ಮಧ್ಯಾಹ್ನ ಊಟಕ್ಕೆ ಹೊರಟ ಕರಡಿ ವೈದ್ಯರು ಆಮೆಯನ್ನು ಎಡವಿದರು. ವಿಷಯ ಕೇಳಿ, ಊಟವನ್ನು ಬಿಟ್ಟು, ತಾವೇ ಔಷಧಿ ಅರೆದುಕೊಟ್ಟರು.

ಹೊರಡುವಾಗ ಆಮೆ ಮುಳ್ಳುಹಂದಿಯ ಎದುರು ನಿಂತು ಹೇಳಿತು: “ನನಗೆ ಚಿಪ್ಪಿತ್ತು, ಕೂತೆ. ಚಿಪ್ಪಿಲ್ಲದ ಮೊಲವೂ ಔಷಧಿಗೆ ಇಲ್ಲಿಗೇ ಬರಬೇಕು, ಸ್ವಾಮಿ.”