ಗಲಗಲಿಯವರ ಆತ್ಮಕಥೆ ಮನೆಗೆ ವಾಪಸು ಬಂದದ್ದು

ಇತ್ತ ಸರಿದು ಕೂಡ್ರಿ, ದನಿ ಏರಿಸಬ್ಯಾಡ್ರಿ. ಇದು ಓಣಿ ದಾಟಿದರೆ ಒಬ್ಬಾಕೆಯ ಸಂಸಾರ ಮುರಿಯುತ್ತದೆ.

ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವ ತುಂಗವ್ವನ ರಾಶಿಯಲ್ಲಿ ನಿವೃತ್ತ ಪ್ರಿನ್ಸಿಪಾಲ ಗಲಗಲಿಯವರು ತಮ್ಮದೇ ಆತ್ಮಕಥೆಯ ಪ್ರತಿಗಳನ್ನು ಕಂಡರು.

"ಯಾರು ಮಾರಿದ್ರು, ಹೇಳು! ಇಲ್ಲಾಂದ್ರ ನಿನ್ನ ಅಂಗಡಿ ಎತ್ತಿಸ್ತೀನಿ" ಎಂದು ಗುಡುಗಿ, ಮೂಲೆಯ ಪೊಲೀಸನನ್ನು ಕರೆಯಲು ಹೋದರು.

ಮಾರಿದವಳು ಅವರ ಹೆಂಡತಿ ಅಂಬಕ್ಕ, ತುಂಗವ್ವನ ಪಕ್ಕದ ಮನೆಯಾಕೆ. ಗೊತ್ತಾದರೆ ಅವಳನ್ನು ಆ ಮನುಷ್ಯ ಹೊರಗೆ ಹಾಕುವುದು ಖಂಡಿತ. ತುಂಗವ್ವ ಪ್ರತಿಯೊಂದರ ಮೊದಲ ಖಾಲಿ ಹಾಳೆಯನ್ನು ಸರಸರ ಹರಿದು ಸೆರಗಿನೊಳಗೆ ಮುಚ್ಚಿಟ್ಟಳು. ಅವರು ಪೊಲೀಸನೊಡನೆ ಮರಳಿದಾಗ ಪುಸ್ತಕ ತೆರೆದು ತೋರಿಸಿದಳು:

"ನೋಡ್ರಿ ಸರ, ನೀವು ಹೆಸರು ಬರದು ಉಡುಗೊರಿ ಕೊಟ್ಟ ಹಾಳೀನ ಹರದಾರ. ಕೊಟ್ಟದ್ದನ್ನ ಮಾರೋರೆಲ್ಲಾ ಹಿಂಗ ಮಾಡ್ತಾರ. ಹೆಸರು ನಾ ಎಲ್ಲಿಂದ ತರಲಿ?"

"ನನ್ನ ಶಿಷ್ಯರೇ!" ಗಲಗಲಿಯವರ ಮುಖ ಕಪ್ಪಿಟ್ಟಿತು. ಪೊಲೀಸ ಮೀಸೆಯಲ್ಲೇ ನಕ್ಕ. ಮಾನಕ್ಕೆ ಅಂಜಿ ಅಷ್ಟನ್ನೂ ತಾವೇ ಕೊಂಡು ರಿಕ್ಷಾದಲ್ಲಿ ಮನೆಗೆ ಒಯ್ದರು.

ಸಂಜೆ ಅಂಬಕ್ಕ ಬಂದಾಗ, ಉಪಕಾರ ನೆನೆಯಲು ಬಂದಳೆಂದು ತುಂಗವ್ವ ಚಹಾಕ್ಕಿಟ್ಟಳು. ಅಂಬಕ್ಕ ಮುಖಕ್ಕೇ ಅಂದಳು:

"ಮಲಗಾಕ ಜಾಗ ಆಗಲಿ ಅಂತ ಆ ಪುಸ್ತಕದ ರಾಶೀನ ಮನಿಯಿಂದ ದಾಟಿಸಿದ್ದೆ, ನೀ ತಿರುಗಿ ಕಳಿಸಿದಿ. ನನ್ನ ಹೆಸರು ಹೇಳಬಾರದಿತ್ತೇನವ್ವಾ? ಹೊರಗ ಹಾಕಿದ್ರ ಕಟ್ಟಿ ಮ್ಯಾಲಾದ್ರೂ ಕಾಲು ಚಾಚಿ ಮಲಗ್ತಿದ್ದೆ."